ಕಡತದ ಮೇಲಿನ ತಪ್ಪು ಚೀಟಿ

ಸಂಪಾದಕರಿಗೆ,

ಆನ್‌ಲೈನ್‌ನಲ್ಲಿ ಪಡೆದ ಪ್ರವೇಶಪತ್ರವೋ ಆದಾಯ ಪ್ರಮಾಣಪತ್ರವೋ ತೆರೆದುಕೊಳ್ಳದಿದ್ದರೆ ಸೈಬರ್ ಸೆಂಟರ್‌ಗಳಲ್ಲಿ ಸಿಗುವ ಮೊದಲ ಸಲಹೆ ‘ಪಿಡಿಎಫ್ ರೀಡರ್ ಹಾಕಿಸಿ’, ಎರಡನೆಯದು ‘ಬೇರೆ ಬ್ರೌಸರ್‌ನಲ್ಲಿ ನೋಡಿ’. ಎಷ್ಟೋ ಸಲ ಎರಡರಿಂದಲೂ ಏನೂ ಆಗುವುದಿಲ್ಲ. ಕಂಪ್ಯೂಟರಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಪಿಡಿಎಫ್ ಅನ್ನು ತಾವೇ ತೋರಿಸಬಲ್ಲವು. ಅದಕ್ಕೆಂದು ಪ್ಲಗಿನ್ (ಬ್ರೌಸರ್‌ಗೆ ಸೇರಿಸುವ ಪೂರಕ ತಂತ್ರಾಂಶ) ಹಾಕುವ ಕಾಲ ಕ್ರೋಮ್‌ನಲ್ಲಿ 2015ಕ್ಕೆ, ಫೈರ್‌ಫಾಕ್ಸ್‌ನಲ್ಲಿ 2017ಕ್ಕೆ ಮುಗಿದಿದೆ.

ಬ್ರೌಸರ್ ಮೊದಲು ನೋಡುವುದು ಕಡತದ ಹೆಸರಿನ ಕೊನೆಯ ಮೂರಕ್ಷರವನ್ನಲ್ಲ. ಸರ್ವರ್, ಅಂದರೆ ಜಾಲತಾಣದ ಕಡತಗಳನ್ನು ಕಳಿಸುವ ಕಂಪ್ಯೂಟರ್, ಪ್ರತಿ ಕಡತದ ಜೊತೆ ‘ಕಂಟೆಂಟ್-ಟೈಪ್’ ಎಂಬ ಹೆಡರ್ ಕಳಿಸುತ್ತದೆ. ಡಬ್ಬಿಗೆ ಅಂಟಿಸಿದ ಚೀಟಿಯ ಹಾಗೆ. ಅದರಲ್ಲಿ ‘ಅಪ್ಲಿಕೇಶನ್/ಪಿಡಿಎಫ್’ ಎಂದಿದ್ದರೆ ಕಡತ ಟ್ಯಾಬ್‌ನಲ್ಲೇ ತೆರೆಯುತ್ತದೆ. ‘ಆಕ್ಟೆಟ್-ಸ್ಟ್ರೀಮ್’ ಎಂದಿದ್ದರೆ ಒಳಗೇನಿದೆಯೋ ಗೊತ್ತಿಲ್ಲ ಎಂದರ್ಥ, ಬ್ರೌಸರ್ ಸಾಮಾನ್ಯವಾಗಿ ಸುಮ್ಮನೆ ಇಳಿಸಿಡುತ್ತದೆ. ‘ಟೆಕ್ಸ್ಟ್/ಎಚ್‌ಟಿಎಂಎಲ್’ ಎಂದಿದ್ದರೆ ಪಿಡಿಎಫ್ ಅನ್ನೂ ವೆಬ್ ಪುಟವೆಂದು ನಂಬಿ ಪರದೆ ತುಂಬ ಅರ್ಥವಾಗದ ಚಿಹ್ನೆಗಳನ್ನು ಸುರಿಯುತ್ತದೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೇರೇನೂ ಹೇಳದಿದ್ದರೆ ಹೋಗುವ ಚೀಟಿ ಇದೇ, ಆದ್ದರಿಂದ ಪ್ರೋಗ್ರಾಮರ್ ಒಂದು ಸಾಲು ಮರೆತರೆ ಸಾಕು.

ಇದರ ಜೊತೆಗೆ ‘ಕಂಟೆಂಟ್-ಡಿಸ್ಪೊಸಿಷನ್’ ಎಂಬ ಇನ್ನೊಂದು ಹೆಡರ್ ಉಂಟು. ಅದರಲ್ಲಿ ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ನಿಮ್ಮ ಕ್ರೋಮ್ ಸೆಟ್ಟಿಂಗ್ ಏನೇ ಇರಲಿ, ಕಡತ ಡೌನ್‌ಲೋಡ್ ಆಗಿಯೇ ತೀರುತ್ತದೆ. ಎಲ್ಲ ತಾಣಗಳ ಪಿಡಿಎಫ್‌ಗಳೂ ಡೌನ್‌ಲೋಡ್ ಆಗುತ್ತಿದ್ದರೆ ಮಾತ್ರ ಸೆಟ್ಟಿಂಗ್ ಕಡೆ ನೋಡಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಅಡಿಷನಲ್ ಕಂಟೆಂಟ್ ಸೆಟ್ಟಿಂಗ್ಸ್, ಪಿಡಿಎಫ್ ಡಾಕ್ಯುಮೆಂಟ್ಸ್ ಎಂದು ಒಳಗೆ ಹೋಗಿ ‘ಓಪನ್ ಪಿಡಿಎಫ್ಸ್ ಇನ್ ಕ್ರೋಮ್’ ಆರಿಸಬೇಕು. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಕೆಳಗೆ ‘ಅಪ್ಲಿಕೇಶನ್ಸ್’ ಪಟ್ಟಿ ಇದೆ, ಪಿಡಿಎಫ್ ಎದುರು ‘ಓಪನ್ ಇನ್ ಫೈರ್‌ಫಾಕ್ಸ್’ ಎಂದಿರಬೇಕು.

ಜನರನ್ನು ಹೆಚ್ಚು ಸುಸ್ತು ಮಾಡುವುದು ‘ಫೇಲ್ಡ್ ಟು ಲೋಡ್ ಪಿಡಿಎಫ್ ಡಾಕ್ಯುಮೆಂಟ್’ ಎಂಬ ಸಂದೇಶ. ಆಗ ಕಡತವನ್ನು ಇಳಿಸಿಕೊಂಡು, ಮೌಸ್‌ನ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ನೋಟ್‌ಪ್ಯಾಡ್ ಆರಿಸಿ. ಮೊದಲ ಸಾಲು ಶೇಕಡಾ ಗುರುತು ಮತ್ತು ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾದರೆ ಅದು ನಿಜವಾದ ಪಿಡಿಎಫ್. ಅರ್ಧಕ್ಕೆ ನಿಂತು ಕೆಟ್ಟಿರಬಹುದು, ಮತ್ತೆ ಇಳಿಸಿ ನೋಡಿ. ‘ಪಿಕೆ’ ಅಕ್ಷರಗಳಿದ್ದರೆ ಜಿಪ್ ಇಲ್ಲವೇ ಹೊಸ ಮಾದರಿಯ ವರ್ಡ್, ಎಕ್ಸೆಲ್ ಕಡತ. ಕೋನಾವರಣ ಚಿಹ್ನೆಯಿಂದ, ಅಂದರೆ < ಗುರುತಿನಿಂದ ಶುರುವಾದರೆ ನಿಮ್ಮ ಕೈಗೆ ಬಂದಿರುವುದು ಪಿಡಿಎಫ್ ಹೆಸರು ಹೊತ್ತ ವೆಬ್ ಪುಟ. ಲಾಗಿನ್ ಅವಧಿ ಮುಗಿದು, ಸರ್ವರ್ ಪ್ರಮಾಣಪತ್ರದ ಬದಲು ಲಾಗಿನ್ ಪುಟವನ್ನೇ ಕಳಿಸಿದಾಗ ಹೀಗಾಗುತ್ತದೆ. ಡೌನ್‌ಲೋಡ್ ಮ್ಯಾನೇಜರ್ ಇರುವ ಕಂಪ್ಯೂಟರುಗಳಲ್ಲೂ ಇದು ಸಾಮಾನ್ಯ: ಅದು ಕೊಂಡಿಯನ್ನು ಕಸಿದುಕೊಂಡು ತಾನೇ ಇನ್ನೊಮ್ಮೆ ಕೇಳುತ್ತದೆ, ಲಾಗಿನ್ ಕುಕೀ (ನೀವು ಲಾಗಿನ್ ಆಗಿದ್ದೀರಿ ಎಂದು ತೋರಿಸುವ ಗುರುತು) ಎಷ್ಟೋ ಸಲ ಅದರ ಬಳಿ ಇರುವುದಿಲ್ಲ. ಅದನ್ನು ನಿಲ್ಲಿಸಿ, ಮತ್ತೆ ಲಾಗಿನ್ ಆಗಿ, ಅದೇ ಟ್ಯಾಬ್‌ನಿಂದ ಪಡೆಯಿರಿ. ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಬೇರೆ ಕಡೆ ತೆರೆಯುವುದರಿಂದಲೂ ಪ್ರಯೋಜನವಿಲ್ಲ.

ಕಡತದ ಹೆಸರು ‘.ಎಎಸ್‌ಪಿಎಕ್ಸ್’ ಎಂದು ಕೊನೆಯಾಗಿದ್ದು ನೋಟ್‌ಪ್ಯಾಡ್‌ನಲ್ಲಿ ಪಿಡಿಎಫ್ ಗುರುತು ಕಂಡರೆ ಹೆಸರಿನ ಕೊನೆಯನ್ನು ‘.ಪಿಡಿಎಫ್’ ಎಂದು ಬದಲಿಸಿದರೆ ಸಾಕು. ವಿಂಡೋಸ್ 11ರಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಪೂರ್ತಿ ಹೆಸರು ಕಾಣುತ್ತದೆ. ಇದನ್ನು ಯಾವಾಗಲೂ ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದು, ‘.ಪಿಡಿಎಫ್.ಇಎಕ್ಸ್‌ಇ’ ಎಂಬ ಹೆಸರಿನ ಮೋಸದ ಕಡತವೂ ಆಗ ಬಯಲಾಗುತ್ತದೆ. ಒಂದು ಎಚ್ಚರಿಕೆ: ಡಿಜಿಟಲ್ ಸಹಿ ಇರುವ ಪ್ರಮಾಣಪತ್ರವನ್ನು ಕಂಟ್ರೋಲ್-ಪಿ ಒತ್ತಿ ‘ಸೇವ್ ಆ್ಯಸ್ ಪಿಡಿಎಫ್’ ಮಾಡಬೇಡಿ. ಸಹಿಯ ಚಿತ್ರ ಉಳಿದರೂ ಸಹಿ ಉಳಿಯುವುದಿಲ್ಲ. ಮೂಲ ಕಡತವನ್ನೇ ಡೌನ್‌ಲೋಡ್ ಗುಂಡಿಯಿಂದ ಉಳಿಸಿಕೊಳ್ಳಿ.

ಕನ್ನಡ ಪುಟದ ತುಂಬ ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3 ಕಂಡರೆ ಅದೂ ಚೀಟಿಯದೇ ದೋಷ. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಭಾಗ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ 3 ಬೈಟ್; ಮೊದಲೆರಡು ಬೈಟ್‌ಗಳನ್ನು ಪಾಶ್ಚಾತ್ಯ ಸಂಕೇತಕ್ರಮದಲ್ಲಿ ಓದಿದಾಗ ಕಾಣುವುದೇ ಈ ಜೋಡಿ. ಕಂಟೆಂಟ್-ಟೈಪ್ ಜೊತೆ ‘ಚಾರ್‌ಸೆಟ್=ಯುಟಿಎಫ್-8’ ಸೇರಿಸಿದರೆ ಸರಿಹೋಗುತ್ತದೆ. ಫಾಂಟ್ ಹಾಕಿಸುವುದರಿಂದ ಸರಿಹೋಗದು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಮಾದರಿಯಲ್ಲಿ ಬರೆದ ಪುಟಗಳ ಕಥೆ ಬೇರೆ, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಜಾಲತಾಣ ನಿರ್ವಹಿಸುವವರಿಗೆ: ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಡತದ ಸಾಲು ಕ್ಲಿಕ್ ಮಾಡಿ, ರೆಸ್ಪಾನ್ಸ್ ಹೆಡರ್ಸ್ ಓದಿ. ಸರ್ವರ್ ತಂತ್ರಾಂಶ ಅಪಾಚೆಯಾದರೆ ‘ಆ್ಯಡ್‌ಟೈಪ್’ ಸಾಲು, ಎನ್‌ಜಿಂಕ್ಸ್‌ನಲ್ಲಿ ಮೈಮ್ ಟೈಪ್ಸ್ ಪಟ್ಟಿ ಸರಿಯಿದೆಯೇ ನೋಡಿ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ನಲ್ಲಿ ಪಟ್ಟಿಯಲ್ಲಿಲ್ಲದ ಬಗೆಯ ಕಡತ ಡಿಸ್ಕ್‌ನಲ್ಲಿ ಇದ್ದರೂ 404.3 ದೋಷ ಬರುತ್ತದೆ. ಕಡತದ ಬಗೆಯನ್ನು ಊಹಿಸಬೇಡ ಎಂದು ಬ್ರೌಸರ್‌ಗೆ ಹೇಳುವ ‘ನೋಸ್ನಿಫ್’ ಹೆಡರ್ ಅನ್ನು ಚೀಟಿಗಳೆಲ್ಲ ಸರಿಯಾದ ಮೇಲೆಯೇ ಹಾಕಿ, ಇಲ್ಲವಾದರೆ ಬ್ರೌಸರ್ ಊಹಿಸಿ ಸರಿಪಡಿಸಿಕೊಳ್ಳುತ್ತಿದ್ದುದೂ ನಿಂತುಹೋಗುತ್ತದೆ. ಅವಧಿ ಮುಗಿದ ಬಳಕೆದಾರರಿಗೆ ಪಿಡಿಎಫ್ ಚೀಟಿ ಅಂಟಿಸಿದ ಲಾಗಿನ್ ಪುಟ ಕಳಿಸದೆ ನೇರವಾಗಿ ಲಾಗಿನ್ ವಿಳಾಸಕ್ಕೆ ದಾಟಿಸಿ. ಕಡತಕ್ಕೆ ಕನ್ನಡ ಹೆಸರಿಡುವುದಾದರೆ ಕಂಟೆಂಟ್-ಡಿಸ್ಪೊಸಿಷನ್‌ನಲ್ಲಿ ‘ಫೈಲ್‌ನೇಮ್’ ಪದದ ನಂತರ ನಕ್ಷತ್ರ ಚಿಹ್ನೆ ಹಾಕಿ ಯುಟಿಎಫ್-8 ರೂಪದಲ್ಲಿ ಕೊಡಿ.

— ವೆಬ್ ಸರ್ವರ್ ನಿರ್ವಾಹಕ, ಧಾರವಾಡ