ಒಂದೇ ಸಾಲಿನಲ್ಲಿ ಮುಗಿಸಿದ್ದ ಮೂವರಿಗೆ

ಕಳೆದ ಗುರುವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹಾರೈಸಿದ ಎಲ್ಲರಿಗೂ ನಮಸ್ಕಾರ. ಮಾರ್ಗದರ್ಶಕರಿಗೆ, ಗ್ರಂಥಪಾಲಕರಿಗೆ, ವೀರಗಲ್ಲು ತೊಳೆಯಲು ಬಿಂದಿಗೆಯಲ್ಲಿ ನೀರು ತಂದುಕೊಟ್ಟ ಹಳ್ಳಿಗರಿಗೆ ಮಹಾಪ್ರಬಂಧದ ಮೊದಲ ಪುಟಗಳಲ್ಲೇ ವಂದನೆ ಹೇಳಿದ್ದೇನೆ. ‘ಎಂ.ಎ. ಸಹಪಾಠಿಗಳಿಗೆ’ ಎಂದು ಮಾತ್ರ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೆ. ಬೈಂಡಿಂಗ್ ಆಗಿ ಬಂದ ದಿನದಿಂದ ಆ ಸಾಲು ಚುಚ್ಚುತ್ತಿದೆ.

2013ರಲ್ಲಿ ಪ್ರಾಚೀನ ಇತಿಹಾಸ ಓದಲು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಬಂದಾಗ ನಮ್ಮ ತರಗತಿಯಲ್ಲಿ ಊರೇ ಹೆಸರಾಗಿತ್ತು. ನಾನು ಹಿರಿಯೂರು. ಉಳಿದ ಮೂವರು ಯಾದಗಿರಿ, ಶಿರಸಿ, ಕೊಳ್ಳೇಗಾಲ. ನಿಜವಾದ ಹೆಸರು ಬರೆದರೆ ಬೈಯುತ್ತಾರೆ, ಹಾಗಾಗಿ ಇಲ್ಲಿಯೂ ಊರೇ ಇರಲಿ.

ನಾವು ಹತ್ತಿರವಾದದ್ದು ಕ್ಷೇತ್ರಕಾರ್ಯದಲ್ಲಿ. ಶಾಸನದ ಪಡಿಯಚ್ಚು ತೆಗೆಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕಲ್ಲನ್ನು ಉಜ್ಜಿ ತೊಳೆಯಬೇಕು, ನೆನೆಸಿದ ಕಾಗದವನ್ನು ಸುಕ್ಕಿಲ್ಲದಂತೆ ಹಾಸಬೇಕು, ಅಕ್ಷರದ ಗುಳಿಗೆ ಕಾಗದ ಇಳಿಯುವವರೆಗೆ ಬ್ರಷ್ಷಿನಿಂದ ಹದವಾಗಿ ಬಡಿಯಬೇಕು. ಆಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಗಾಳಿ ಬೀಸಿದರೆ ಮಾತ್ರ ಮುಗಿಯಿತು. ನಾಲ್ಕು ಮೂಲೆಗೆ ನಾಲ್ವರು ಬೇಕು. ಮೊದಲ ದಿನ ನನ್ನ ಮೂಲೆಯೇ ಹರಿಯಿತು. ಯಾರೂ ಏನೂ ಅನ್ನಲಿಲ್ಲ. ಕೊಳ್ಳೇಗಾಲದವಳು ಮಾತ್ರ ಇನ್ನೊಂದು ಕಾಗದ ನೆನೆಸುತ್ತಾ, ‘ಹಿರಿಯೂರಿನಲ್ಲಿ ನೀರೇ ಕಡಿಮೆ, ಇವನಿಗೆ ಒದ್ದೆ ಕಾಗದ ಹಿಡಿದು ಗೊತ್ತಿಲ್ಲ’ ಎಂದಳು.

ಮೂರನೆಯ ಸೆಮಿಸ್ಟರ್‌ನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಆರು ವಾರ ಊರಲ್ಲೇ ಉಳಿದೆ. ಅಪ್ಪ ಉಳಿಯಲಿಲ್ಲ. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ.

ಮರಳಿ ಬಂದಾಗ ಕೊಳ್ಳೇಗಾಲದವಳು ದಾರ ಕಟ್ಟಿದ ಒಂದು ಕಂತೆ ಕೈಗಿಟ್ಟಳು. ಆರು ವಾರವೂ ತನ್ನ ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಟಿಪ್ಪಣಿ ಬರೆದುಕೊಂಡಿದ್ದಳು. ಈ ಕಾಲದಲ್ಲಿ ಕಾರ್ಬನ್ ಏಕೆ ಎಂದು ಕೇಳಿದ್ದಕ್ಕೆ, ‘ಜೆರಾಕ್ಸ್ ಮಾಡಿಸಿದ್ದರೆ ನೀನು ದುಡ್ಡು ಕೊಡಲು ಬರುತ್ತಿದ್ದೆ’ ಎಂದಳು. ನೀಲಿ ಮಸಿ ಹರಡಿದ ಆ ಹಾಳೆಗಳು ಇಂದಿಗೂ ನನ್ನ ಪೆಟ್ಟಿಗೆಯಲ್ಲಿವೆ.

ಪರೀಕ್ಷಾ ಶುಲ್ಕ ಕಟ್ಟಲು ಹೋದರೆ ಆಗಲೇ ಕಟ್ಟಿಯಾಗಿತ್ತು. ಯಾರೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಆ ವರ್ಷ ದಸರಾ ರಜೆಗೆ ಹಾಸ್ಟೆಲ್ ಖಾಲಿಯಾದರೂ ಯಾದಗಿರಿಯವನು ಊರಿಗೆ ಹೋಗಿರಲಿಲ್ಲ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದಲ್ಲಿ, ಒಂದು ತಿಂಡಿ ಮಳಿಗೆಯಲ್ಲಿ ರಾತ್ರಿ ಹನ್ನೊಂದರವರೆಗೆ ಬಿಲ್ ಬರೆಯುತ್ತಿದ್ದನಂತೆ. ಅವನ ಮಾತಿನ ಧಾಟಿಯನ್ನು ಅಣಕಿಸಿ ನಕ್ಕವರಲ್ಲಿ ನಾನೇ ಮೊದಲಿಗ. ಅದಕ್ಕೆ ಕ್ಷಮೆಯನ್ನೂ ಇಲ್ಲೇ ಕೇಳುತ್ತೇನೆ, ಏಕೆಂದರೆ ಫೋನಿನಲ್ಲಿ ಕೇಳಿದರೆ ಅವನು ಮಾತು ತಿರುಗಿಸುತ್ತಾನೆ.

ಶಿರಸಿಯವನ ಜೊತೆ ಇದ್ದದ್ದು ಹೆಚ್ಚಾಗಿ ಜಗಳ. ಒಂದು ವೀರಗಲ್ಲಿನ ಮೂರನೆಯ ಸಾಲಿನಲ್ಲಿದ್ದ ಅಕ್ಷರ ಱ ಎಂದು ನಾನು, ೞ ಎಂದು ಅವನು. ಎರಡೂ ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರಗಳು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಪೂರ್ತಿ ವಾದಿಸಿ, ಆಮೇಲೆ ಮೂರು ತಿಂಗಳು ಮಾತು ಬಿಟ್ಟೆವು. ಒಂದು ಅಕ್ಷರಕ್ಕೆ! ಅಪ್ಪ ಹೋದ ಸುದ್ದಿ ತಿಳಿದಾಗ ನಮ್ಮೂರಿಗೆ ಮೊದಲು ಬಸ್ ಹತ್ತಿ ಬಂದವನೂ ಅವನೇ. ತಿಥಿಯವರೆಗೆ ಇದ್ದು, ಬಂದವರಿಗೆಲ್ಲ ಎಲೆ ಹಾಕಿದ. ಅಕ್ಷರದ ಮಾತು ಎತ್ತಲಿಲ್ಲ.

ಶಿರಸಿ, ಹೋದ ವರ್ಷ ಬಿಸಿಲು ಓರೆಯಾಗುವ ಹೊತ್ತಿಗೆ ಮತ್ತೆ ಹೋಗಿ ಆ ಕಲ್ಲನ್ನು ನೋಡಿದೆ. ಅದು ೞ. ನಾಲ್ಕನೆಯ ಅಧ್ಯಾಯದಲ್ಲಿ ನಿನ್ನ ಓದನ್ನೇ ಹಾಕಿದ್ದೇನೆ, ಅಡಿಟಿಪ್ಪಣಿಯಲ್ಲಿ ನಿನ್ನ ಹೆಸರೂ ಇದೆ.

ಅಮ್ಮ ಈ ಸಲದ ಕಡಲೆಕಾಯಿಯಲ್ಲಿ ಮೂರು ಚೀಲ ಕಟ್ಟಿ ನಡುಮನೆಯಲ್ಲಿ ಇಟ್ಟಿದ್ದಾಳೆ. ಯಾದಗಿರಿಯ ಚೀಲ ಉಳಿದೆರಡಕ್ಕಿಂತ ದೊಡ್ಡದು. ಮೂವರೂ ಈಗಿನ ವಿಳಾಸ ಕಳುಹಿಸಿ. ಇಲಿ ಕಾಟ ಶುರುವಾಗಿದೆ.