ಪದಕದ ಜೊತೆ ಅಲೆಯ ಸುದ್ದಿಯೂ ಬರಲಿ

ಮಾನ್ಯರೇ,

ಹಾಯಿದೋಣಿ ಪಂದ್ಯವೆಂದರೆ ಕ್ರೀಡಾ ಪುಟದಲ್ಲಿ ಪದಕ ಗೆದ್ದವರ ಹೆಸರಷ್ಟೇ ಇರುತ್ತದೆ. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ನಾಕ್ರಾ 17 ಎಂಬ ಹಾಯಿದೋಣಿ ವಿಭಾಗದ ಚಿನ್ನ ಇಟಲಿಯ ಟೀಟಾ–ಬಾಂಟಿ ಜೋಡಿಗೆ. ಸರಿ, ಗೆದ್ದಿದ್ದು ಹೇಗೆ?

ಮುಂಬೈಯಲ್ಲಿ ರಜಾದಿನ ಹೋಬಿ 16 ಓಡಿಸುತ್ತೇನೆ. ಎರಡು ಒಡಲಿನ ಹಗುರ ಕ್ಯಾಟಮರಾನ್ ಅದು. ಮಧ್ಯಾಹ್ನದ ಗಾಳಿಗೆ ಗಿಡ್ಡ ಅಲೆಗಳು ಒತ್ತೊತ್ತಾಗಿ ಎದ್ದರೆ, ಗಾಳಿಯ ಮರೆಯ ಕಡೆಯ ಮೂತಿ ನೀರಿಗೆ ನುಗ್ಗುತ್ತದೆ. ದೋಣಿಯಲ್ಲಿರುವ ಇಬ್ಬರೂ ತಟ್ಟನೆ ಹಿಂದೆ ಸರಿದು ಹಾಯಿಯ ಹಗ್ಗ ಸಡಿಲಿಸಬೇಕು. ತಡವಾದರೆ ದೋಣಿ ತಲೆಕೆಳಗಾಗಿ ಪಲ್ಟಿ! ತಿರುವಿನಲ್ಲಿ ಇನ್ನೂ ಜಾಸ್ತಿ ಕಷ್ಟ. ಅಲೆ ಬಡಿದು ವೇಗ ಸತ್ತರೆ ಅಲ್ಲೇ ನಿಂತುಬಿಡುತ್ತದೆ. ಮುಂದಿನ ಹಾಯಿಯನ್ನು ತಕ್ಷಣ ಬಿಡದೆ ಒಂದು ಕ್ಷಣ ಹಾಗೇ ಹಿಡಿದರೆ ಮೂತಿ ತಿರುಗುತ್ತದೆ.

ಕ್ರಿಕೆಟ್‌ನಲ್ಲಿ ಪಿಚ್ ಬಗ್ಗೆಯೇ ಅರ್ಧ ಪುಟ ಬರೆಯುತ್ತೀರಿ. ನೀರಿಗೂ ನಾಲ್ಕು ಸಾಲು ಕೊಡಬಹುದಲ್ವಾ?

– ಓದುಗ, ಮುಂಬೈ