ಮರದಿಂದ ವಿಮಾನದ ಇಂಧನ: ಟ್ಯಾಂಕಿನ ಮಾತನ್ನೂ ಆಡೋಣ

ಸಂಪಾದಕರಿಗೆ ನಮಸ್ಕಾರ.

ಸಾಮಿಲ್ ಹೊಟ್ಟು, ಮರದ ಚಕ್ಕೆಗಳಿಂದ ವಿಮಾನದ ಇಂಧನ ಮಾಡುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಎಣ್ಣೆ ತೆಗೆಯುವುದು ಹೇಗೆ ಅಂತ ಬರೆದಿದ್ದೀರಿ, ವಿಮಾನ ಹಾರುವುದನ್ನೂ ಬರೆದಿದ್ದೀರಿ. ಆದರೆ ಆ ಎಣ್ಣೆಯನ್ನು ಎಲ್ಲಿ, ಎಷ್ಟು ದಿನ ಇಡಬಹುದು ಎನ್ನುವ ಮಾತೇ ಇರಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹಾಕದೆ ಹಾಗೇ ಬಿಟ್ಟರೆ ಹುಳಿ ಬರುತ್ತದೆ. ಕಾಯಿಸಿ ಅಚ್ಚಿಗೆ ಹೊಯ್ದರೆ ಬೆಲ್ಲವಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರದ ಎಣ್ಣೆಯದೂ ಇದೇ ಕಥೆ.

ಮರದ ಪುಡಿಯನ್ನು ಗಾಳಿ ಸೋಕದಂತೆ ಸುಮಾರು 500 ಡಿಗ್ರಿಗೆ ದಿಢೀರನೆ ಕಾಯಿಸಿ, ಬಂದ ಆವಿಯನ್ನು ತಣಿಸಿದರೆ ಕಡುಕಂದು ದ್ರವ ಸಿಗುತ್ತದೆ. ಹೊಗೆಯ ವಾಸನೆ, ಹುಣಸೆ ರಸದಷ್ಟು ಹುಳಿ. ಅದರಲ್ಲಿ ಶೇ 15ರಿಂದ 30ರಷ್ಟು ನೀರೇ ಇರುತ್ತದೆ. ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಆಮ್ಲಜನಕ. ವಿಮಾನಕ್ಕೆ ಹಾಕುವುದು ಶುದ್ಧ ಮಾಡಿದ ಸೀಮೆಎಣ್ಣೆ, ಅದರಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬೇಕು. ಈ ಆಮ್ಲಜನಕವೇ ತೊಂದರೆಯ ಮೂಲ. ಅದನ್ನು ಹೊತ್ತ ಅಲ್ಡಿಹೈಡ್, ಫೀನಾಲ್ ಎಂಬ ರಾಸಾಯನಿಕಗಳು ಡ್ರಮ್ಮಿನಲ್ಲಿ ಸುಮ್ನೆ ಕೂರುವುದಿಲ್ಲ. ಒಂದಕ್ಕೊಂದು ಅಂಟಿಕೊಳ್ಳುತ್ತಾ ಹೋಗುತ್ತವೆ. ಎಣ್ಣೆ ದಿನದಿನಕ್ಕೆ ದಪ್ಪಗಾಗಿ, ಕೊನೆಗೆ ನೀರು ಬೇರೆ, ಡಾಂಬರಿನಂಥ ಗಸಿ ಬೇರೆ ಆಗುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯದಲ್ಲಿ 80 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ಕೋಣೆಯಲ್ಲಿ ಸುಮಾರು ಒಂದು ವರ್ಷ ಇಟ್ಟಿದ್ದಕ್ಕೆ ಅದು ಸಮ ಎಂಬ ಅಂದಾಜಿದೆ. ಆ ಕೋಣೆ ನಮ್ಮ ಏಪ್ರಿಲ್ ಬಿಸಿಲಿನ ತಗಡಿನ ಶೆಡ್ ಅಲ್ಲ ಎನ್ನುವುದನ್ನು ನೆನಪಿಡಬೇಕು. ಶೇ 10ರಷ್ಟು ಮೆಥನಾಲ್ ಬೆರೆಸಿದರೆ ಕೆಡುವುದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಇಟ್ಟ ಇಂಧನ ಕೆಡುವುದನ್ನು ನಾನು ಕಣ್ಣಾರೆ ಕಂಡವನು. ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನಲ್ಲಿ ಹುಡುಗರು ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಿದ್ದರು. ಅದು ಮರದ ಎಣ್ಣೆಯಲ್ಲ, ನಿಜ. ಎಷ್ಟು ಆಸೆಯಿಂದ ಮಾಡಿದ್ದರು ಅಂದರೆ, ಮೊದಲ ಸಲ ಜನರೇಟರ್ ಓಡಿದಾಗ ಚಪ್ಪಾಳೆ ಹೊಡೆದಿದ್ದರು. ಉಳಿದದ್ದನ್ನು ನೀಲಿ ಡ್ರಮ್ಮಿಗೆ ತುಂಬಿ, ಹಿತ್ತಾಳೆ ನಲ್ಲಿ ಹಾಕಿ ಶೆಡ್ಡಿನಲ್ಲಿಟ್ಟೆವು. ಎರಡು ಬೇಸಿಗೆ ಕಳೆದು ಮುಚ್ಚಳ ತೆಗೆದರೆ ಹಳೇ ಬಣ್ಣದ ಡಬ್ಬಿಯ ವಾಸನೆ. ನಲ್ಲಿಯ ಬಾಯಿ ಹಸಿರುಗಟ್ಟಿತ್ತು. ತಾಮ್ರದ ಅಂಶ ಇಂಧನವನ್ನು ಇನ್ನೂ ಬೇಗ ಕೆಡಿಸುತ್ತದೆ ಅಂತ ಪಾಠ ಮಾಡಿದ್ದ ನಾನೇ ಆ ನಲ್ಲಿ ಹಾಕಿಸಿದ್ದೆ. ಜನರೇಟರ್ ಹತ್ತು ನಿಮಿಷಕ್ಕೆ ನಿಂತಿತು. ಫಿಲ್ಟರ್ ಬಿಚ್ಚಿದಾಗ ಹಲಸಿನ ಮೇಣದಂಥ ಅಂಟು ಬೆರಳಿಗೆ ಹತ್ತಿತು, ಸೋಪಿಗೂ ಹೋಗಲಿಲ್ಲ. ಅದು ನೆಲದ ಮೇಲಿನ ಜನರೇಟರ್, ನಿಂತರೆ ನಿಂತಿತು. ವಿಮಾನದಲ್ಲಿ ಹಾಗಲ್ಲ, ಅಲ್ವಾ?

ಮರದ ಎಣ್ಣೆಯನ್ನು ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಆಮ್ಲಜನಕ ತೆಗೆದರೆ ಅದು ಬೆಲ್ಲವಾದಂತೆ. ಮರವನ್ನು ಅನಿಲ ಮಾಡಿ, ಅದರಿಂದ ಇಂಧನ ಕಟ್ಟುವ ಫಿಷರ್-ಟ್ರಾಪ್ಷ್ ದಾರಿಯೂ ಇದೆ. ಆ ಇಂಧನವನ್ನು ಮಾಮೂಲಿ ವಿಮಾನ ಇಂಧನಕ್ಕೆ ಶೇ 50ರವರೆಗೆ ಬೆರೆಸಲು 2009ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಬೆಲ್ಲವೂ ಮಳೆಗಾಲದಲ್ಲಿ ನೀರೊಡೆಯುತ್ತದೆ. ಹೀಗೆ ತೀರಾ ಶುದ್ಧವಾದ ಇಂಧನದಲ್ಲಿ ಕೆಡದಂತೆ ಕಾಯುವ ಸಹಜ ಅಂಶಗಳು ಉಳಿಯುವುದಿಲ್ಲ. ಗಾಳಿ ತಗುಲಿ ಪೆರಾಕ್ಸೈಡ್ ಎಂಬ ರಾಸಾಯನಿಕ ಹುಟ್ಟಿದರೆ ರಬ್ಬರ್ ಸೀಲುಗಳಿಗೆ ಪೆಟ್ಟು. ಅದಕ್ಕೇ ಇಂಥ ವಿಮಾನ ಇಂಧನದ ಗುಣಮಟ್ಟ ಹೇಳುವ ಎಎಸ್‌ಟಿಎಂ ಡಿ 7566 ಎಂಬ ಮಾನದಂಡ ಲೀಟರಿಗೆ 17ರಿಂದ 24 ಮಿಲಿಗ್ರಾಂ ಆ್ಯಂಟಿಆಕ್ಸಿಡೆಂಟ್, ಅಂದರೆ ಗಾಳಿಗೆ ಕೆಡದಂತೆ ತಡೆಯುವ ವಸ್ತು, ಹಾಕಲೇಬೇಕು ಅನ್ನುತ್ತದೆ. ಆಹಾರದ ಕೊಬ್ಬು ಕಮಟಾಗದಂತೆ ಬಳಸುವ ಬಿಎಚ್‌ಟಿಗೂ ಇಲ್ಲಿ ಒಪ್ಪಿಗೆ ಇದೆ. ಇನ್ನು ಟ್ಯಾಂಕಿನ ತಳದಲ್ಲಿ ನೀರು ನಿಂತರೆ ಬೂಷ್ಟು ಬೆಳೆಯುತ್ತದೆ. ಅದನ್ನು ಆಗಾಗ ಬಸಿಯುತ್ತಲೇ ಇರಬೇಕು.

ಅಂತರರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ ಶೇ 1, 2028ಕ್ಕೆ ಶೇ 2ರಷ್ಟು ಇಂಥ ಪರ್ಯಾಯ ಇಂಧನ ಬೆರೆಸುವ ಗುರಿಯನ್ನು ಕೇಂದ್ರ ಇಟ್ಟುಕೊಂಡಿದೆ. ನಾಳೆ ನಮ್ಮ ಜಿಲ್ಲೆಯಲ್ಲೂ ಘಟಕ ಬರಬಹುದು, ಬರಲಿ. ಆದರೆ ಊರೂರಲ್ಲಿ ಮರದ ಎಣ್ಣೆ ತೆಗೆದು ತಿಂಗಳುಗಟ್ಟಲೆ ಡ್ರಮ್ಮಿನಲ್ಲಿ ಕೂಡಿಡುವ ಯೋಜನೆ ಬೇಡ. ಕೂಡಿಡುವುದಾದರೆ ಒಣಗಿದ ಚಕ್ಕೆಯನ್ನೇ ಮಳೆ ಬೀಳದ ಕಡೆ ಇಡಿ. ಎಣ್ಣೆ ತೆಗೆದ ಮೇಲೆ ತಡ ಮಾಡದೆ ಮುಂದಿನ ಹಂತಕ್ಕೆ ಕಳಿಸಿ. ಹುಳಿ ಎಣ್ಣೆ ಸಾಮಾನ್ಯ ಕಬ್ಬಿಣವನ್ನು ತಿನ್ನುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ವರದಿಗಾರರು ಮುಂದಿನ ಸಲ ಇಂಥ ಯೋಜನೆಯವರನ್ನು ಕಂಡಾಗ ದಿನಕ್ಕೆ ಎಷ್ಟು ಲೀಟರ್ ಅಂತಷ್ಟೇ ಕೇಳದೆ, ಆರು ತಿಂಗಳು ಇಟ್ಟ ಎಣ್ಣೆಯ ಪರೀಕ್ಷಾ ವರದಿ ತೋರಿಸಿ ಎಂದೂ ಕೇಳಲಿ. ಆ ಹಳೇ ಫಿಲ್ಟರ್ ಇನ್ನೂ ನನ್ನ ಹತ್ತಿರ ಇದೆ. ಬಂದರೆ ತೋರಿಸುತ್ತೇನೆ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮಂಡ್ಯ